ಆಕ್ಷೇಪಣೆಗೆ ಒಳಗಾದ ಪುಟಗಳು

ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ತವನಪ್ಪ ನಲವತ್ತಾರು ವರ್ಷ ಸುಳ್ಳು ಹೇಳದೆ ಬದುಕಿದ್ದ. ಹೇಳುವ ಧೈರ್ಯ ಇರಲಿಲ್ಲ ಎಂಬುದೇ ಕಾರಣ. ಆದರೆ ಪುಣ್ಯ ಕಟ್ಟಿಕೊಳ್ಳುವಾಗ ಕಾರಣ ಯಾರೂ ಕೇಳುವುದಿಲ್ಲ. ಅಂಥವನು ೧೯೭೯ರ ಏಪ್ರಿಲ್ ತಿಂಗಳ ಒಂದು ರವಿವಾರ, ಬೆಳಗಾವಿಯ ನೆಹರು ನಗರದಲ್ಲಿ, ಹೆಂಡತಿಯ ಅಣ್ಣನ ಮನೆಯ ಸೋಫಾದ ತುದಿಯಲ್ಲಿ ಕುಳಿತು, ಬಶಿಯಲ್ಲಿದ್ದ ಚಹಾ ಆರುವುದರೊಳಗೆ ಒಂದು ಸುಳ್ಳು ಹೇಳಿದ. ಮುಂದಿನ ಎರಡು ತಿಂಗಳು ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಹೆಂಡತಿಯ ಅಣ್ಣ ನೇಮಣ್ಣನವರು ನಿವೃತ್ತ ಹೆಡ್ ಮಾಸ್ತರರು. ಬಂಧುಬಳಗದಲ್ಲಿ ಯಾರೂ ಅವರೆದುರು ಕಾಲು ಚಾಚಿ ಕುಳಿತದ್ದಿಲ್ಲ. ತವನಪ್ಪ ಹೋದದ್ದು ಒಂದು ಬೇಡಿಕೆ ಹೊತ್ತುಕೊಂಡು. ಮಗಳು ತ್ರಿಶಲಾ ಪಿಯುಸಿ ಪರೀಕ್ಷೆ ಬರೆದು ಮುಗಿಸಿದ್ದಳು. ಮುಂದೆ ಬಿ.ಎ. ಓದುತ್ತೇನೆಂದು ಹಟ ಹಿಡಿದಿದ್ದಳು. ಬಿ.ಎ. ಇದ್ದದ್ದು ಬೆಳಗಾವಿಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿಬರಬಹುದಿತ್ತು, ಊರ ಹುಡುಗರು ಹೋಗಿಬರುತ್ತಲೂ ಇದ್ದರು. ಆದರೆ ಇದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಡುವಂತಿಲ್ಲ. ಕಾಲೇಜು ಬಿಟ್ಟು, ಸಂಜೆಯ ಬಸ್ಸು ಹಿಡಿದು, ಅದು ದಾರಿಯಲ್ಲಿ ಕೆಟ್ಟು ನಿಂತು, ಮನೆ ಮುಟ್ಟುವುದರೊಳಗೆ ಹೊತ್ತು ಮುಳುಗಿದರೆ ಹುಡುಗಿಗೆ ಮರುದಿನ ಬೆಳಗಿನವರೆಗೆ ಉಪವಾಸ.

"ಮೂರು ವರ್ಷ ಉಪಾಸ ಮಾಡಿ ಬಿಯೆ ಆಗೂದು ಬ್ಯಾಡ," ಎಂದು ಹೆಂಡತಿ ಅಕ್ಕಾತಾಯಿ ತೀರ್ಪು ಕೊಟ್ಟಿದ್ದಳು. "ನಮ್ಮಣ್ಣನ ಮನ್ಯಾಗ ಇದ್ದು ಕಲೀಲಿ. ಇಲ್ಲಾ, ನನ್ನ ಬಾಜೂಕ ಕುಂತು ಸಂಡಿಗಿ ಹಾಕಲಿ." ಹೀಗಾಗಿ ತ್ರಿಶಲಾಳ ಬಿ.ಎ. ನೇಮಣ್ಣನವರ ಒಂದು ಮಾತಿನ ಮೇಲೆ ನಿಂತಿತ್ತು.

ನೇಮಣ್ಣನವರು ಕನ್ನಡಕ ಒರೆಸಿ ಕೇಳಿದರು. "ಹುಡುಗಿ ಖಾನಾಪುರದ ಆಚೆ ಏನ್ ನೋಡ್ಯಾಳ?"

"ನಂದಗಡ ನೋಡ್ಯಾಳ್ರಿ, ಮಾಸ್ತರ್ರ. ಬೀಡಿ ಊರೂ ನೋಡ್ಯಾಳ."

"ನಾ ಊರಿನ ಹೆಸರು ಕೇಳಲಿಲ್ಲ ತವನಪ್ಪ. ಜಗತ್ತು ಕೇಳಿದೆ. ಪ್ಯಾಟಿಗೆ ಬರೂ ಮೊದಲ ಹುಡುಗಿಗೆ ಜೀವನ ಅಂದ್ರ ಏನಂತ ಗೊತ್ತಿರಬೇಕು. ಅದಕ್ಕ ದೊಡ್ಡ ಕಾದಂಬರಿ ಓದಿಸಬೇಕು. ದೃಷ್ಟಿ ಅಗಲ ಆಗ್ತದ. ನೀವು ಕಾದಂಬರಿ ಓದ್ತೀರೋ ಇಲ್ಲೋ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅವರ ಹಿಂದಿನ ಗಾಜಿನ ಕಪಾಟಿನಲ್ಲಿ ಇನ್ನೂರು ಪುಸ್ತಕಗಳು ಸಾಲಾಗಿ ನಿಂತು ತನ್ನನ್ನೇ ನೋಡುತ್ತಿದ್ದಂತೆ ತವನಪ್ಪನಿಗೆ ಅನಿಸಿತು. "ಏನ್ ಹಿಂಗ ಕೇಳ್ತೀರಿ ಮಾಸ್ತರ್ರ? ಕಾದಂಬರಿ ಅಂದ್ರ ನನಗ ಉಸರು!" ಎಂದುಬಿಟ್ಟ. ಅಲ್ಲಿಯವರೆಗೆ ಅವನು ಓದಿದ್ದು ಪಂಚಾಂಗ, ಸರಕಾರಿ ಸುತ್ತೋಲೆ ಮತ್ತು ಲಗ್ನಪತ್ರಿಕೆ.

"ಭೇಷ್. ಹಂಗಾರ ಐದು ಕಾದಂಬರಿ ನೀವ ಆರಿಸಿ ಓದಸ್ರಿ. ಜೂನ್ ತಿಂಗಳಾಗ ನಾ ಬಂದು ಪ್ರಶ್ನೆ ಕೇಳ್ತೀನಿ. ಉತ್ತರ ಹೇಳಿದ್ರ ಈ ಮನಿ ಆಕೀದ. ಹೇಳಲಿಲ್ಲಂದ್ರ..."

ನೇಮಣ್ಣನವರು ವಾಕ್ಯ ಮುಗಿಸಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ನಪಾಸು ಮಾಡಿದವರಿಗೆ ವಾಕ್ಯ ಮುಗಿಸುವ ಅಗತ್ಯವಿರುವುದಿಲ್ಲ. ಖಾನಾಪುರದ ಬಸ್ಸಿನಲ್ಲಿ ತವನಪ್ಪ ಟಿಕೀಟನ್ನು ಬೆರಳಿಗೆ ಸುತ್ತಿ ಸುತ್ತಿ ಪುಡಿ ಮಾಡಿದ.

ಮರುದಿನ ಸಂಜೆ ಮಗಳನ್ನು ಕರೆದುಕೊಂಡು ಊರ ವಾಚನಾಲಯಕ್ಕೆ ಹೋದ. ಅಲ್ಲಿಯ ಈರಣ್ಣ ಮೇಜಿನ ಮೇಲೆ ಕಾಲಿಟ್ಟು ಪೇಪರು ಓದುತ್ತಿದ್ದ.

"ಈರಣ್ಣ, ಜೀವನ ತೋರಸೂವಂಥಾ ಐದು ದೊಡ್ಡ ಕಾದಂಬರಿ ಕೊಡು."

"ದೊಡ್ಡು ಅಂದ್ರ? ಉದ್ದದಾಗೋ, ತೂಕದಾಗೋ?"

ತವನಪ್ಪ ತಬ್ಬಿಬ್ಬಾದ. ಮಗಳ ಮುಖ ನೋಡಿ, "ಎರಡರಾಗೂ," ಎಂದ. ಈರಣ್ಣ ಎದ್ದು ಹಿಂದಿನ ಕೋಣೆಯಿಂದ ಸುತಳಿಯಲ್ಲಿ ಬಿಗಿದ ಒಂದು ಗಂಟು ತಂದು ಧಪ್ಪೆಂದು ಹಾಕಿದ. ಐದು ಪುಸ್ತಕ. ಒಂದಕ್ಕೂ ರಟ್ಟಿರಲಿಲ್ಲ, ದಾರ ಬಿಚ್ಚಿ ಹಾಳೆಗಳು ನಾಲಿಗೆ ಚಾಚಿದ್ದವು.

"ಇವನ್ನ ಮೊನ್ನೆ ರದ್ದಿಗೆ ಹಾಕೇನ್ರಿ, ಒಯ್ರಿ. ಊರ ಮಂದಿ ಓದಿ ಓದಿ ಹರದಾರ. ಕಪಾಟಿನ್ಯಾಗ ಹೊಸಾವು ಗಟ್ಟಿಮುಟ್ಟಾಗಿ ಅದಾವ, ಯಾಕಂದ್ರ ಯಾರೂ ಮುಟ್ಟಿಲ್ಲ. ಯಾವುದರ ಬೆನ್ನು ಮುರದಿರ್ತೈತಿ, ಅದ ದೊಡ್ಡ ಪುಸ್ತಕ. ಇದಕ್ಕಿಂತ ಬ್ಯಾರೆ ಪರೀಕ್ಷಾ ನನಗ ಗೊತ್ತಿಲ್ಲ." ಮೇಲಿನದನ್ನು ಅವನು ಸವರಿದ. "ಇದು ಮಂದಾಕಿನಿ ಅನ್ನೂ ಹುಡುಗಿ ಕಥಿ. ಇದರ ಇನ್ನೊಂದು ಪ್ರತಿ ಈಗ ಬೆಳಗಾವಿ ಕಾಲೇಜಿನ ಲೈಬ್ರರ್ಯಾಗ ಅಷ್ಟ ಐತಿ. ಅದೂ ಅಲ್ಲೇ ಕಲಿಯೋರಿಗೆ ಅಷ್ಟ ಕೊಡ್ತಾರ. ನಾ ಹೋಗಿ ಕೇಳಿದ್ರ ನನ್ನ ಹೊರಗ ಹಾಕಿದ್ರು."

ತ್ರಿಶಲಾ ಆಸೆಯಿಂದ ಕೈ ಚಾಚಿದಳು. ತವನಪ್ಪ ಗಂಟನ್ನು ಎದೆಗೆ ಅವಚಿಕೊಂಡ. "ತಡಿ. ಇನ್ನೂ ಅಭಿಪ್ರಾಯ ಬಂದಿಲ್ಲ."

ಇಲ್ಲಿ ತವನಪ್ಪನ ಸ್ವಭಾವದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಒಂದು ಕಾಗದವನ್ನೂ ತಾನಾಗಿ ಮುಂದೆ ಕಳಿಸಿರಲಿಲ್ಲ. ಯಾವುದೇ ಬರಲಿ, ಮೂರು ಕಡೆ ಅಭಿಪ್ರಾಯಕ್ಕೆ ಕಳಿಸಿ, ಮೂರು ಸಹಿ ಬಿದ್ದ ಮೇಲೆ, ತಪ್ಪು ಯಾರ ತಲೆಯ ಮೇಲೂ ನಿಲ್ಲದಂತಾದಾಗ ನಾಲ್ಕನೆಯದಾಗಿ ತನ್ನ ಸಹಿ ಹಾಕುತ್ತಿದ್ದ. ಮಗಳ ಜೀವನದ ವಿಷಯ. ಇದನ್ನು ಹಾಗೇ ಬಿಡುವುದುಂಟೇ? ಒಂದು ಹಾಳೆಗೆ ಗೆರೆ ಎಳೆದು 'ಪುಟ', 'ಆಕ್ಷೇಪಣೆ', 'ಸಹಿ' ಎಂದು ಮೂರು ಅಂಕಣ ಮಾಡಿದ. ಕಚೇರಿಯ ಕೆಂಪು ಪೆನ್ಸಿಲ್ ತಂದ. ಪುಸ್ತಕಗಳನ್ನು ಮೊದಲು ಹೆಂಡತಿಯ ಮುಂದಿಟ್ಟ.

ಅಕ್ಕಾತಾಯಿ ಅಕ್ಷರಕ್ಕೆ ಅಕ್ಷರ ಕೂಡಿಸಿ, ಬೆರಳಿಟ್ಟು, ಗಟ್ಟಿಯಾಗಿ ಓದುವವಳು. ಎರಡನೆಯ ಕಾದಂಬರಿಯ ಆರಂಭದಲ್ಲೇ ಅವಳ ಬೆರಳು ನಿಂತಿತು.

"ರೀ! ಇಂವ ರಾತ್ರಿ ಒಂಬತ್ತಕ್ಕ ಗಜ್ಜರಿ ಪಲ್ಯ ತಿನ್ನಾಕತ್ಯಾನ!"

"ಯಾರು?"

"ಕಥಾನಾಯಕ! ರಾತ್ರಿ ಉಣ್ಣೂದ ಒಂದು ತಪ್ಪು. ನೆಲದಾಗಿನ ಗಡ್ಡಿ ತಿನ್ನೂದ ಇನ್ನೊಂದು. ಮ್ಯಾಲೆ ಎರಡನೇ ಸಲ ನೀಡಿಸಿಕೊಂಡಾನ! ಇದನ್ನ ಓದಿ ಹುಡುಗಿ ಏನ್ ಕಲೀಬೇಕು?"

ಅಲ್ಲಿಂದ ಅವಳು ಪುಸ್ತಕಗಳಲ್ಲಿ ಊಟಗಳನ್ನೇ ಹುಡುಕುತ್ತ ಹೋದಳು. ಕಾದಂಬರಿಯ ಜನ ಇಷ್ಟು ಉಣ್ಣುತ್ತಾರೆಂದು, ಅದೂ ಇಂಥ ಅವೇಳೆಯಲ್ಲಿ, ತವನಪ್ಪನಿಗೆ ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಕೆಂಪು ಪೆನ್ಸಿಲ್ ಅರ್ಧವಾಯಿತು.

ಎರಡನೆಯ ಅಭಿಪ್ರಾಯ ಬಾಜೂ ಮನೆಯ ಭೀಮಕ್ಕನದು. ಅರವತ್ತು ದಾಟಿದ ವಿಧವೆ. ವಾಚನಾಲಯದ ಪುಸ್ತಕಗಳು ಹರಿಯುವುದರಲ್ಲಿ ಅವಳ ಪಾಲು ಸಣ್ಣದಲ್ಲ. ಮೇಲಿನ ಪುಸ್ತಕ ನೋಡುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಈ ಮಂದಾಕಿನಿ ಸ್ಟೇಶನ್ ಮಾಸ್ತರನ ಮಗಳು. ಒಬ್ಬಾಕಿನ ಗಾಡಿ ಹತ್ತಿ ಕಲಿಯಾಕ ಹೋಗ್ತಾಳ. ಇದನ್ನ ಓದಿ ನಾ ಮೂರು ದಿನ ಅತ್ತೀನಿ ತವನಪ್ಪ. ಮೂರು ದಿನ ಒಲಿ ಹಚ್ಚಿಲ್ಲ!"

"ಹಂಗಾರ ಕಥಿ ಛಲೋ ಐತಿ ಅನ್ರಿ."

"ಛಲೋ ಐತಿ ಅಂತನ ಹೇಳಾಕತ್ತೀನಿ, ಹುಡುಗಿ ಕೈಯಾಗ ಕೊಡಬ್ಯಾಡ. ಕೊಡು ಇಲ್ಲೆ ಆ ಪೆನ್ಸಿಲ್ಲು."

ಮನೆ ಬಿಟ್ಟು ಹೋದವರು, ಅಪ್ಪನಿಗೆ ಎದುರು ಮಾತಾಡಿದವರು, ಬೇರೆ ಜಾತಿಯವರ ಕೈ ಹಿಡಿದವರು, ದೇವರನ್ನು ಪ್ರಶ್ನೆ ಕೇಳಿದವರು, ಎಲ್ಲರ ಪುಟದ ಸಂಖ್ಯೆಯೂ ಭೀಮಕ್ಕನಿಗೆ ಬಾಯಿಪಾಠ. ಹೇಳುತ್ತ ಹೋದಳು, ಅಳುತ್ತ ಗೀಚುತ್ತ ಹೋದಳು. ಮೂರನೆಯ ಅಭಿಪ್ರಾಯ ತನ್ನದೇ ಇರಲೆಂದು ತವನಪ್ಪ ಕಣ್ಣು ಮುಚ್ಚಿ ನಾಲ್ಕನೆಯ ಪುಸ್ತಕ ತೆರೆದ. ಅಲ್ಲಿ ಒಬ್ಬ ಗುಮಾಸ್ತ ಕಡತ ಕಳೆದುಕೊಂಡು ಬೈಸಿಕೊಳ್ಳುತ್ತಿದ್ದ. ಆ ಪುಟಕ್ಕೂ ಗುರುತು ಬಿತ್ತು.

ಈಗ ಬಂತು ಪೇಚು. ಪುಸ್ತಕ ಕೊಟ್ಟರೆ ಮನೆಯಲ್ಲಿ ಯುದ್ಧ. ಕೊಡದಿದ್ದರೆ ನೆಹರು ನಗರದ ಬಾಗಿಲು ಮುಚ್ಚಿತು. ಮೇ ತಿಂಗಳು ಅರ್ಧ ಮುಗಿದಿತ್ತು. ಹುಡುಗಿ ಪಾಸೂ ಆಗಿದ್ದಳು. ತವನಪ್ಪನಿಗೆ ಬೆವರಿನ ಜೊತೆಗೆ ಒಂದು ಉಪಾಯ ಹೊಳೆಯಿತು, ಮತ್ತು ಅವನಿಗೆ ಹೊಳೆದ ಉಪಾಯಗಳಿಗೆಲ್ಲ ಆಗುವ ಗತಿಯೇ ಇದಕ್ಕೂ ಆಯಿತು. ಗಂಟು ಹೊತ್ತು ಮಾರುಕಟ್ಟೆಯ ಹಿಂದಿದ್ದ ಗನಿಯ ಅಂಗಡಿಗೆ ಹೋದ.

ಗನಿ ಪುಸ್ತಕ ಕಟ್ಟುವವನು. ಕಚೇರಿಯ ರಜಿಸ್ಟರುಗಳನ್ನೆಲ್ಲ ಕೆಂಪು ಬಟ್ಟೆಯ ಬೆನ್ನು ಹಾಕಿ ಕಟ್ಟಿಕೊಡುತ್ತಿದ್ದವನು ಅವನೇ. ಗುರುತು ಬಿದ್ದ ಪುಟಗಳನ್ನು ತೆಗೆದು, ಉಳಿದದ್ದನ್ನು ಒಂದೇ ಸಂಪುಟ ಮಾಡಬೇಕೆಂದು ಕೇಳಿ ಅವನು ಸೂಜಿ ಕೆಳಗಿಟ್ಟ.

"ಒಂದ ಹಾಳಿ ತಗಿಯಾಕ ಬರೂದಿಲ್ಲ ತವನಪ್ಪಣ್ಣ. ಹಾಳಿ ಜೋಡಿ ಇರ್ತಾವ. ಇದನ್ನ ಎಳದ್ರ ಆ ಕಡೆ ಇದರ ಜೋಡಿ ಕಳಚಿ ಬೀಳ್ತೈತಿ. ತಗದ್ರ ಹದಿನಾರು ಪುಟದ ಇಡೀ ಫಾರ್ಮ್ ತಗೀಬೇಕು."

"ಗಜ್ಜರಿ ಪಲ್ಯ ಒಂದ ಪ್ಯಾರಾದಾಗ ಐತಿ, ಗನಿಭಾಯಿ."

"ಅದರ ಜೋಡಿ ಮಿಕ್ಕ ಹದಿನೈದು ಪುಟಾನೂ ಹೋಗ್ತಾವ. ಏನ್ ಮಾಡೂದು, ಸಹವಾಸ ದೋಷ."

ಎಂಟು ದಿನಕ್ಕೆ ಕೆಲಸ ಮುಗಿಯಿತು. ಆದರೆ ಗನಿ ಅವನ ಮುಂದಿಟ್ಟದ್ದು ಒಂದಲ್ಲ, ಎರಡು ಸಂಪುಟ. ಎರಡಕ್ಕೂ ಅದೇ ಕೆಂಪು ಬೆನ್ನು, ಅದೇ ದಪ್ಪ. ಒಂದರ ಮೇಲೆ 'ಜೀವನ ದರ್ಶನ' ಎಂದು ಬರೆದ ಚೀಟಿ ಅಂಟಿಸಿದ್ದ.

"ಈ ಇನ್ನೊಂದು ಏನು?"

"ತಗದ ಫಾರ್ಮ್. ಅಕ್ಷರ ಇದ್ದ ಹಾಳಿ ನಾವು ಚೆಲ್ಲೂದಿಲ್ಲ ತವನಪ್ಪಣ್ಣ, ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಮೊದಲನೇ ಕಥಿ ಕಡೀ ಫಾರ್ಮ್ ಹುಳ ತಿಂದಿತ್ತು. ರಟ್ಟು ತೆಳ್ಳಗ ಆಗಿತ್ತಂತ ಅದನ್ನ ರಟ್ಟಿನ ಒಳಗ ಅಂಟಿಸೇನಿ. ಅದನ್ನೂ ಚೆಲ್ಲಿಲ್ಲ ನೋಡು!"

ಆಕ್ಷೇಪಣೆಗೆ ಒಳಗಾದುದೆಲ್ಲ ಒಂದೇ ಕಡೆ ಸೇರಿಕೊಂಡಿತ್ತು. ಕಳ್ಳಪ್ರೇಮ, ಕಣ್ಣೀರು, ರಾತ್ರಿಯೂಟ, ಎದುರುಮಾತು, ಎಲ್ಲ. ಇಂಥದ್ದನ್ನು ಮನೆಯಲ್ಲಿ ಇಡುವುದು ಹೇಗೆ? ತವನಪ್ಪ ಅದನ್ನು ಚೀಲದಲ್ಲಿ ಮುಚ್ಚಿ ಕಚೇರಿಗೆ ಒಯ್ದು, ಬಂದ ಕಾಗದಗಳಿಗೆ ನಂಬರು ಹಾಕುವ ಹಳೆಯ ಆವಕ ರಜಿಸ್ಟರುಗಳ ಸಾಲಿನಲ್ಲಿ ತುರುಕಿದ. ಗುರುತು ಹತ್ತುವಂತಿರಲಿಲ್ಲ. ಅನಾಹುತ ಆದದ್ದೂ ಅದರಿಂದಲೇ.

ಮನೆಯಲ್ಲಿ ತ್ರಿಶಲಾ 'ಜೀವನ ದರ್ಶನ' ಹಿಡಿದು ಕುಳಿತಳು. ಮೊದಲ ದಿನವೇ ಕೂಗಿದಳು. "ಅಪ್ಪಾ, ಎಂಬತ್ತನೇ ಪುಟ ಆದ ಮ್ಯಾಲೆ ನೂರಾ ಹದಿಮೂರು ಬಂತು!"

"ಛಾಪಖಾನಿಯವರ ತಪ್ಪು," ಎಂದ ತವನಪ್ಪ. ಇದು ಎರಡನೆಯ ಸುಳ್ಳು. ಮೊದಲನೆಯದಕ್ಕೆ ನಲವತ್ತಾರು ವರ್ಷ ಹಿಡಿದಿತ್ತು, ಎರಡನೆಯದಕ್ಕೆ ಎರಡು ತಿಂಗಳೂ ಹಿಡಿಯಲಿಲ್ಲ.

ಮೂರನೆಯ ದಿನ ಕಚೇರಿಯಲ್ಲಿ ಸಾಹೇಬರಿಗೆ ಯಾವುದೋ ಹಳೆಯ ಕಾಗದದ ಆವಕ ನಂಬರು ಬೇಕಾಯಿತು. ಸಿಪಾಯಿ ಹಣಮಪ್ಪ ಸಾಲಿನಿಂದ ಒಂದನ್ನು ಎಳೆದು ಒಯ್ದ. ಹತ್ತು ನಿಮಿಷ ಒಳಗಿನಿಂದ ಸದ್ದಿಲ್ಲ. ಆಮೇಲೆ ಗಂಟೆ ಕೇಳಿಸಿತು. ತವನಪ್ಪ ಒಳಗೆ ಹೋಗಿ ಮೇಜಿನ ಮೇಲೆ ತೆರೆದಿದ್ದುದನ್ನು ನೋಡಿದ.

"ತವನಪ್ಪ, ಇದು ಯಾವ ವರ್ಷದ ಆವಕ?"

"ಸಾಹೇಬ್ರ..."

ಸಾಹೇಬರು ಸುತ್ತೋಲೆ ಓದುವ ಧ್ವನಿಯಲ್ಲಿ ಓದಿದರು. "'ಅವಳ ಕಣ್ಣೀರು ಅವನ ಅಂಗಿಯ ತೋಳನ್ನು ತೋಯಿಸಿತು.' ಇದಕ್ಕ ಆವಕ ನಂಬರು ಎಲ್ಲಿ? ಯಾರ ಕಣ್ಣೀರು? ಯಾವ ತಾರೀಖಿಗೆ ಬಂತು?"

ಸಾಹೇಬರು ಪುಸ್ತಕ ಮುಚ್ಚಿ, "ಪರಿಶೀಲನೆಗೆ ನನ್ನ ಹತ್ರ ಇರಲಿ," ಎಂದರು. ನಾಲ್ಕು ದಿನ ಅದು ಅವರ ಮನೆಯಲ್ಲಿತ್ತು. ಆ ನಾಲ್ಕು ದಿನ ತವನಪ್ಪ ಮನಸ್ಸಿನಲ್ಲೇ ತನ್ನ ಅಮಾನತಿನ ಆದೇಶವನ್ನು ಹತ್ತಾರು ಬಾರಿ ಕರಡು ಮಾಡಿ ತಿದ್ದಿದ. ಐದನೆಯ ದಿನ ಹಣಮಪ್ಪ ಪುಸ್ತಕ ಮರಳಿ ತಂದಿಟ್ಟ. ಒಳಗೆ ಹಸಿರು ಶಾಯಿಯ ಟಿಪ್ಪಣಿ ಇತ್ತು: 'ನೋಡಲಾಯಿತು. ಹಿಂದಿನ ಹಾಗೂ ಮುಂದಿನ ಕಾಗದಗಳ ಸಹಿತ ಕೂಡಲೇ ಮಂಡಿಸುವುದು.'

ಸಾಹೇಬರಿಗೆ ಕಥೆಯ ಮಿಕ್ಕ ಭಾಗ ಬೇಕಾಗಿದೆ ಎಂದು ಖಾನಾಪುರದ ಯಾವ ಎಮ್ಮೆಗಾದರೂ ತಿಳಿಯುತ್ತಿತ್ತು. ತವನಪ್ಪನಿಗೆ ಮಾತ್ರ ಅದು ವಿಚಾರಣೆಯ ಮೊದಲ ಹೆಜ್ಜೆಯೆಂದು ಕಂಡಿತು. ತನ್ನ ಮೇಲಿನ ಅಪರಾಧವೇನು ಎಂದಾದರೂ ಗೊತ್ತಿರಬೇಕಲ್ಲ? ಆ ದಿನ ಮಧ್ಯಾಹ್ನ, ಡಬ್ಬಿ ಬಿಚ್ಚದೆ, ಅವನು ಜೀವನದಲ್ಲಿ ಮೊದಲ ಸಲ ಕಾದಂಬರಿ ಓದಲು ಕುಳಿತ. ಅದೂ ಎಂಬತ್ತೊಂದನೆಯ ಪುಟದಿಂದ.

ಸಂಜೆ ಬೀಗ ಹಾಕಲು ಬಂದ ಹಣಮಪ್ಪ ಬಾಗಿಲಲ್ಲೇ ನಿಂತ. ತವನಪ್ಪನ ಕಣ್ಣಿಂದ ನೀರು ಇಳಿದು ಮೇಜಿನ ಗಾಜಿನ ಮೇಲೆ ಬೀಳುತ್ತಿತ್ತು.

"ಏನ್ರೀ, ವರ್ಗಾ ಆತೇನ್ರಿ?"

"ಇಲ್ಲೋ. ಆ ಸ್ಟೇಶನ್ ಮಾಸ್ತರ... ಮಗಳ ಗಾಡಿಗೆ..." ಎಂದ ತವನಪ್ಪ ಮುಂದೆ ಹೇಳಲಾರದೆ ಮೂಗು ಒರೆಸಿಕೊಂಡ. ವರ್ಗವಾಗದೆ ಅಳುವ ಗುಮಾಸ್ತನನ್ನು ಹಣಮಪ್ಪ ಕಂಡಿರಲಿಲ್ಲ. ಊರೆಲ್ಲ ಹೇಳಿಕೊಂಡು ಬಂದ.

ಜೂನ್ ತಿಂಗಳ ಎರಡನೆಯ ರವಿವಾರ ಮಧ್ಯಾಹ್ನದ ಬಸ್ಸಿಗೆ ನೇಮಣ್ಣನವರು ಬಂದರು. ಅರ್ಜಿ ತುಂಬಲು ಮುಂದಿನ ಶನಿವಾರ ಕಡೆಯ ದಿನ. ಅಕ್ಕಾತಾಯಿ ಅಣ್ಣನಿಗೆಂದು ಹೋಳಿಗೆ ಮಾಡಿ ಆರು ಗಂಟೆಗೆ ತಾಟು ಹಾಕುವ ಸಿದ್ಧತೆಯಲ್ಲಿದ್ದಳು. ಅಂಗಳದ ಆಚೆ ಭೀಮಕ್ಕ ಅಕ್ಕಿ ಆರಿಸುವ ನೆವದಲ್ಲಿ ಕಿವಿ ಇಟ್ಟು ಕುಳಿತಿದ್ದಳು. ತವನಪ್ಪ ಎರಡನೆಯ ಸಂಪುಟವನ್ನು ಕಚೇರಿಯಿಂದ ತಂದು ಹಾಸಿಗೆಯ ಸುರುಳಿಯಲ್ಲಿ ಬಚ್ಚಿಟ್ಟಿದ್ದ. ಮಂಡಿಸುವುದೋ, ಸುಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ.

ನೇಮಣ್ಣನವರು 'ಜೀವನ ದರ್ಶನ'ವನ್ನು ಕೈಯಲ್ಲಿ ತೂಗಿ ನೋಡಿ, ನಡುವೆ ತೆರೆದರು. "ಇಲ್ಲಿ ಎಂಬತ್ತನೇ ಪುಟದಾಗ ಮಂದಾಕಿನಿ ಅಂಗಳದಾಗ ರಂಗೋಲಿ ಹಾಕಾಕತ್ತಾಳ. ಬಾಜೂ ಪುಟದಾಗ ದೊಡ್ಡ ಪ್ಯಾಟಿ ಸ್ಟೇಶನ್ನಿನ್ಯಾಗ ಟ್ರಂಕ್ ಹಿಡಕೊಂಡು ಇಳದಾಳ. ನಡುವ ಏನಾತು? ಹೇಳು."

ತ್ರಿಶಲಾ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದ. "ಗೊತ್ತಿಲ್ಲ ಮಾಮಾ," ಎಂದಳು.

"ಗೊತ್ತಿಲ್ಲ? ಇಷ್ಟು ದೊಡ್ಡ ಪುಸ್ತಕ ಓದಿ ಹುಡುಗಿ ಮನಿ ಯಾಕ ಬಿಟ್ಲು ಗೊತ್ತಿಲ್ಲ?"

ಅಷ್ಟರಲ್ಲಿ ಯಾರೋ ಮಾತಾಡಿದರು. ಆ ಮಾತಾಡಿದವನು ತಾನೇ ಎಂದು ತವನಪ್ಪನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಆಕೀನ ಅಪ್ಪ ಬ್ಯಾಡ ಅಂದಿದ್ದ, ಮಾಸ್ತರ್ರ. ಕಲಿಯಾಕ ಕಳಸೂದಿಲ್ಲ ಅಂತ ಆಣಿ ಮಾಡಿದ್ದ. ಆದ್ರ ಆಕಿ ತಾನ ಟಿಕೀಟ್ ತಗೊಂಡು ಗಾಡಿ ಹತ್ತಿದ್ಲು. ಆ ಸ್ಟೇಶನ್ನಿಗೆ ಮಾಸ್ತರ ಯಾರು? ಆಕೀನ ಅಪ್ಪನ! ಆಂವ ನಿಶಾನಿ ತೋರಸಲಿಲ್ಲಂದ್ರ ಗಾಡಿ ಹೊಂಡೂದಿಲ್ಲ. ಕಿಡಕ್ಯಾಗ ಮಗಳ ಮಾರಿ ಕಾಣಾಕತ್ತೈತಿ. ಆಂವ ಹಸರು ನಿಶಾನಿ ಎತ್ತಿ ಹಿಡದ, ಮಾಸ್ತರ್ರ. ಗಾಡಿ ಹೋಗೂತನಕ ಕೈ ಇಳಿಸಲಿಲ್ಲ. ಆಮ್ಯಾಲೆ ಒಳಗ ಹೋಗಿ ಮೂರು ಸಲ ಮಾರಿ ತೊಳಕೊಂಡ."

ಅಂಗಳದ ಆಚೆಯಿಂದ ಭೀಮಕ್ಕನ ಬಿಕ್ಕು ಕೇಳಿಸಿತು.

"ಅಪ್ಪಾ," ಎಂದಳು ತ್ರಿಶಲಾ, "ನಿನಗ ಇದು ಹೆಂಗ ಗೊತ್ತು?"

ಹಾಸಿಗೆಯ ಸುರುಳಿ ಬಿಚ್ಚಿತು. ಕೆಂಪು ಬೆನ್ನಿನ ಎರಡನೆಯ ಸಂಪುಟ ಹೊರಬಿತ್ತು. ಪೆನ್ಸಿಲ್ಲು, ಅಂಕಣ, ಗಜ್ಜರಿ, ಗನಿ, ಸಾಹೇಬರು, ಎಲ್ಲ ಕಥೆ ತವನಪ್ಪನ ಬಾಯಿಂದ ಉದುರಿತು. ತಾನು ಹಿಂದೆ ಒಂದು ಕಾದಂಬರಿಯನ್ನೂ ಓದಿರಲಿಲ್ಲವೆಂಬುದು ಕೊನೆಗೆ ಉದುರಿತು. ಆದರೆ ತ್ರಿಶಲಾಳ ಕಿವಿಗೆ ಇದಾವುದೂ ಬೀಳುತ್ತಿರಲಿಲ್ಲ.

"ಹಂಗಾರ ಮೂರನೇ ಕಥ್ಯಾಗಿನ ಆ ತೋಟದ ರಾಮಯ್ಯ ಯಾಕ ಊರು ಬಿಟ್ಟ? ನನ್ನ ಪುಸ್ತಕದಾಗ ಆಂವ ಒಮ್ಮಿಂದೊಮ್ಮೆಲೆ ಗಡ್ಡ ಬಿಟ್ಟಾನ!"

"ತಮ್ಮನ ಜೋಡಿ ಜಗಳ ಆತು. ಆದ್ರ ಆ ತಮ್ಮ ಎಲ್ಲಿಂದ ಬಂದ? ನನ್ನ ಪುಸ್ತಕದಾಗ ಆಂವ ಹುಟ್ಟೇ ಇಲ್ಲ."

"ಹುಟ್ಟ್ಯಾನ ಅಪ್ಪಾ, ನನ್ನ ಕಡೆ ಹುಟ್ಟ್ಯಾನ!"

"ಸಾಕು!" ಎಂದರು ನೇಮಣ್ಣನವರು. ಮೂವತ್ತು ವರ್ಷ ತರಗತಿಗಳನ್ನು ಅಲುಗಿಸಿದ ಧ್ವನಿ ಅದು. "ಅರ್ಧ ಓದಿದ ಮಗಳು, ಅರ್ಧ ಓದಿದ ಅಪ್ಪ. ಐದು ದೊಡ್ಡ ಕಾದಂಬರಿನ ಕತ್ತರಿಸಿ ರಜಿಸ್ಟರ್ ಮಾಡ್ಯಾರ! ಇಂಥಾ ಮನಿ ಹುಡುಗಿನ್ನ ನಾ ಇಟಗೊಳ್ಳೂದಿಲ್ಲ."

ತ್ರಿಶಲಾ ಸುಮ್ಮನೆ ಪುಸ್ತಕ ಮುಚ್ಚಿದಳು. ಎರಡು ತಿಂಗಳಿಂದ ತವನಪ್ಪ ಹೆದರಿದ್ದು ಇದೇ ಗಳಿಗೆಗೆ. ಅದು ಬಂದೇಬಿಟ್ಟಿತು; ಬಂದ ಮೇಲೆ ಇನ್ನು ಹೆದರಲು ಏನೂ ಉಳಿಯಲಿಲ್ಲ.

"ಇಟಗೋಬ್ಯಾಡ್ರಿ ಮಾಸ್ತರ್ರ," ಎಂದ. "ಆಕಿ ದಿನಾ ಬಸ್ಸಿಗೆ ಹೋಗಿ ಬರ್ತಾಳ. ಸಂಜಿ ಊಟಾನೂ ಡಬ್ಬ್ಯಾಗ ಕಟ್ಟಿ ಕೊಡ್ತೀವಿ. ಹೊತ್ತು ಮುಳುಗೂದರಾಗ ಬಸ್ಸಿನ್ಯಾಗ ಕುಂತು ಉಣ್ತಾಳ. ಮಂದಿ ನೋಡಿದ್ರ ನೋಡ್ಲಿ. ಆ ಸ್ಟೇಶನ್ ಮಾಸ್ತರ ಎಷ್ಟ ಸಿಟ್ಟಿದ್ರೂ ಹಸರು ನಿಶಾನಿ ಹಿಡದ. ನಾ ಕೆಂಪು ಪೆನ್ಸಿಲ್ ಹಿಡಕೊಂಡು ಕುಂತೆ. ನನಗ ನಾಚಿಕಿ ಬಂದೈತಿ."

ಅಕ್ಕಾತಾಯಿ ಒಲೆಯ ಮುಂದೆ ಸೌಟು ಹಿಡಿದಂತೆಯೇ ನಿಂತಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಗಂಡ ಯಾರ ಅಭಿಪ್ರಾಯವನ್ನೂ ಕೇಳದೆ ಇಷ್ಟು ಮಾತಾಡಿದ್ದು ಅವಳು ಕೇಳಿರಲಿಲ್ಲ. "ಡಬ್ಬಿ ನಾ ಕಟ್ತೀನಿ," ಎಂದಳು ಮೆಲ್ಲಗೆ.

ನೇಮಣ್ಣನವರಿಗೆ ಎದುರಾಡಿ ಅಭ್ಯಾಸವಿತ್ತು, ಎದುರಾಡಿಸಿಕೊಂಡು ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ, "ತರ್ರಿ ಅವು ಎರಡೂ. ಏನ್ ಅನಾಹುತ ಮಾಡೀರಿ ನೋಡೂಣು," ಎಂದು ಎರಡು ಸಂಪುಟಗಳನ್ನೂ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡು ಕುಳಿತರು. ಎಡಗಡೆ ಹದಿನಾರು ಪುಟ, ಬಲಗಡೆ ಹದಿನಾರು ಪುಟ. ಮೊದಲು ಗದರುವ ಮುಖದಿಂದ ಓದಿದರು. ಆಮೇಲೆ ಬರೀ ಓದಿದರು.

"ಅಣ್ಣಾ, ಆರು ಹೊಡೀತು. ತಾಟು ಹಾಕೇನಿ."

"ಬಂದೆ, ಈ ಪುಟ ಒಂದು."

"ಅಣ್ಣಾ, ಆರೂವರಿ. ಹೋಳಿಗಿ ಆರಾಕತ್ತಾವ."

"ಹೂಂ."

"ಅಣ್ಣಾ! ಹೊತ್ತು ಮುಳುಗ್ತು!"

ತಿಳಿವಳಿಕೆ ಬಂದಾಗಿನಿಂದ ಒಂದು ದಿನವೂ ಸಂಜೆಯೂಟ ತಪ್ಪಿಸದ ನೇಮಣ್ಣನವರು, ಮಬ್ಬು ಬೆಳಕಿಗೆ ಪುಸ್ತಕವನ್ನು ಕಿಟಕಿಯ ಕಡೆ ತಿರುಗಿಸಿ ಗಟ್ಟಿಯಾಗಿ ಓದುತ್ತಿದ್ದರು. "'ಹನ್ನೆರಡು ವರ್ಷಗಳ ಮೇಲೆ ಗಾಡಿ ಆ ಸಣ್ಣ ನಿಲ್ದಾಣದಲ್ಲಿ ನಿಂತಿತು. ಮಂದಾಕಿನಿ ಇಳಿದಳು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಯಾರೋ ನಿಂತಿದ್ದರು. ಅವರ ಕೈಯಲ್ಲಿ...'" ಅವಸರದಿಂದ ಹಾಳೆ ತಿರುವಿದರು. "'...ಗಜ್ಜರಿ ಪಲ್ಯ ಬಹಳ ಸೊಗಸಾಗಿದೆ, ಇನ್ನಷ್ಟು ಬಡಿಸಿ, ಎಂದನು.' ಏನಿದು? ಏನಿದು?"

"ಅದು ಎರಡನೇ ಕಾದಂಬರಿ ಮಾಸ್ತರ್ರ. ಮೊದಲನೇದರ ಕಡೀ ಫಾರ್ಮ್ ರಟ್ಟಿನ ಒಳಗ ಐತ್ರಿ."

ನೇಮಣ್ಣನವರು ಉಗುರಿನಿಂದ ರಟ್ಟು ಕೆರೆದರು. ಹುಳ ಹತ್ತದಿರಲೆಂದು ಮೈಲುತುತ್ತ ಹಾಕಿ ಕುದಿಸಿದ ಗನಿಯ ಅಂಟು ಜಗ್ಗಲಿಲ್ಲ. "ಅಪ್ಪ ಇದ್ನೋ ಇಲ್ಲೋ ಅಲ್ಲಿ?" ಎಂದರು ಮಕ್ಕಳ ಧ್ವನಿಯಲ್ಲಿ.

"ನೀವು ಇದನ್ನ ಮೊದಲ ಓದೀರಲ್ಲ ಮಾಮಾ?" ಎಂದಳು ತ್ರಿಶಲಾ.

ಅವರು ಕೆಮ್ಮಿದರು. "ಓದಿದ್ದೆ. ಅದು... ಹಳೇ ಆವೃತ್ತಿ."

ಯಾರೂ ನಗಲಿಲ್ಲ. ತ್ರಿಶಲಾ ನೆಲ ನೋಡುತ್ತ ಹೇಳಿದಳು. "ಇಡೀ ಪುಸ್ತಕ ಕಾಲೇಜಿನ ಲೈಬ್ರರ್ಯಾಗ ಐತಂತ ಮಾಮಾ."

"ನಾ ನಾಳೆನ ಹೋಗಿ ತರ್ತೀನಿ."

"ನಿಮಗ ಕೊಡೂದಿಲ್ಲಂತ್ರಿ. ಅಲ್ಲೇ ಕಲಿಯೋರಿಗೆ ಅಷ್ಟ."

ನೇಮಣ್ಣನವರು ಹೊರಗಿನ ಕತ್ತಲನ್ನು ನೋಡಿದರು, ಮುಚ್ಚಿಟ್ಟ ಹೋಳಿಗೆಯ ಡಬ್ಬಿ ನೋಡಿದರು, ಮಂದಾಕಿನಿಯನ್ನು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿಬಿಟ್ಟ ಆ ಹಾಳೆಯನ್ನು ಇನ್ನೊಮ್ಮೆ ನೋಡಿದರು. "ಶನಿವಾರತನಕ ಯಾಕ ಕಾಯೂದು?" ಎಂದರು. "ನಾಳೆ ಮುಂಜಾನೆ ಮೊದಲ ಬಸ್ಸಿಗೆ ನನ್ನ ಜೋಡಿ ಹೊಂಡು. ಅರಿವಿ ಟ್ರಂಕ್ ಎಲ್ಲಾ ತಗೋ. ಮನಿ ನಿಂದ ಐತಿ."

ರಾತ್ರಿಯಿಡೀ ಮಳೆ ಹೊಡೆಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಬಸ್ಸಿನ ಟಪ್ಪಿನ ಮೇಲೆ ಏರಿತು, ಅಕ್ಕಾತಾಯಿ ಕಟ್ಟಿಕೊಟ್ಟ ಡಬ್ಬಿ ಮಡಿಲೇರಿತು. ಭೀಮಕ್ಕ ಮೂರು ದಿನದ ಅಳುವನ್ನು ಮೂರು ನಿಮಿಷದಲ್ಲಿ ಮುಗಿಸಿದಳು. ತವನಪ್ಪ ಮಾತ್ರ ಬಸ್ಸಿನ ಮುಂದೆ ಹೋಗಿ ನಿಂತುಬಿಟ್ಟ.

"ಏನ್ರೀ, ಹತ್ತೋರೇನು?" ಎಂದ ಡ್ರೈವರ್.

ಅಲ್ಲವೆಂದು ತಲೆಯಾಡಿಸಿದ. ಜೇಬು ತಡಕಿದ, ಕೈಗೆ ಸಿಕ್ಕಿದ್ದು ಕೆಂಪು ಪೆನ್ಸಿಲ್ಲಿನ ತುಂಡು. ಅದನ್ನು ಬಿಟ್ಟು, ಬರುವ ದಾರಿಯಲ್ಲಿ ಕೊಂಡಿದ್ದ ಮೆಂತೆಸೊಪ್ಪಿನ ಕಟ್ಟನ್ನು ಚೀಲದಿಂದ ಎಳೆದು, ಪಕ್ಕಕ್ಕೆ ಸರಿದು, ತಲೆಯ ಮೇಲೆ ಎತ್ತಿ ಹಿಡಿದ. ಡ್ರೈವರನಿಗೂ ಕಂಡಕ್ಟರನಿಗೂ ಏನೂ ಅರ್ಥವಾಗಲಿಲ್ಲ. ಕಿಟಕಿಯಲ್ಲಿದ್ದ ತ್ರಿಶಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಸ್ಸು ಹೊರಟಿತು. ತಿರುವಿನಲ್ಲಿ ಮರೆಯಾಗುವವರೆಗೆ ಅವನು ಕೈ ಇಳಿಸಲಿಲ್ಲ.

ಆಮೇಲೆ ಸ್ಟ್ಯಾಂಡಿನ ನಳದ ಹತ್ತಿರ ಹೋಗಿ ಮುಖ ತೊಳೆದ. ತೊಳೆದು, ಮತ್ತೆ ತೊಳೆದ. ಕಚೇರಿ ಕಸ ಗುಡಿಸಲು ಹೊರಟಿದ್ದ ಹಣಮಪ್ಪ ನಿಂತು, "ಏನಾತ್ರಿ?" ಎಂದ.

"ಏನಿಲ್ಲೋ, ಧೂಳ," ಎಂದ ತವನಪ್ಪ. ಅದು ಅವನ ಮೂರನೆಯ ಸುಳ್ಳು. ರಾತ್ರಿಯ ಮಳೆಗೆ ಖಾನಾಪುರದಲ್ಲಿ ಚಿಟಿಕೆ ಧೂಳೂ ಉಳಿದಿರಲಿಲ್ಲ.